ಕೇಳಿದ್ದಷ್ಟ ಹೇಳ್ರಿ

ನನ್ನ ಸೋದರಮಾವನಿಗೆ ಮಾತೆಂದರೆ ಆಗುತ್ತಿರಲಿಲ್ಲ. ಇದರಲ್ಲೇನು ವಿಶೇಷ, ಅಂಥವರು ಊರಿಗೊಬ್ಬರಿರುತ್ತಾರೆ ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಅವರು ಚಿತ್ತಾಪುರದಲ್ಲಿ ವಕೀಲರಾಗಿದ್ದರು! ಸಕ್ಕರೆ ಕಾಯಿಲೆಯವನು ಪೇಡೆ ಅಂಗಡಿ ಇಟ್ಟ ಹಾಗಾಯಿತಲ್ಲ ಎಂದು ಅವರ ಮದುವೆಯ ಮಾತುಕತೆಯಲ್ಲೇ ಯಾರೋ ಅಂದಿದ್ದರಂತೆ. ಮಾವ ಅದಕ್ಕೂ ಉತ್ತರ ಕೊಡಲಿಲ್ಲ.

ಖೂನಿ, ಹೊಡೆದಾಟದ ಕೇಸುಗಳನ್ನು ಅವರು ಮುಟ್ಟುತ್ತಿರಲಿಲ್ಲ. ಅವರ ಕಕ್ಷಿದಾರರೆಲ್ಲ ಇಸ್ತ್ರಿ ಅಂಗಿಯವರು. ವಾಡಿಯ ಪಾರ್ಸಲ್ ಗುಮಾಸ್ತ, ಶಹಾಬಾದದ ಕಲ್ಲು ವ್ಯಾಪಾರಿಯ ಮುನೀಮ, ಚಿಂಚೋಳಿ ಕಡೆಯ ಪೋಸ್ಟ್ ಮಾಸ್ತರ, ಹೀಗೆ ಕೈಗೆ ಮಣ್ಣು ಹತ್ತದ ಜನ. ಹಣ ದುರುಪಯೋಗ ಮಾಡಿದರೆಂಬ ಆರೋಪ ಹೊತ್ತು ಬರುತ್ತಿದ್ದರು. "ಹೊಲದ ಬದುವಿಗೆ ಬಡದಾಡಿದಾಂವ ಪೊಲೀಸರ ಮುಂದ ಬಾಯಿ ಬಿಡಂಗಿಲ್ಲ. ಇಸ್ತ್ರಿ ಅಂಗಿಯವಗ ಮಾತ್ರ, ತಾ ಬಿಡಿಸಿ ಹೇಳಿದ್ರ ಸಾಹೇಬರಿಗೆ ತಿಳೀತದ ಅಂತ ಭ್ರಮಿ" ಎನ್ನುತ್ತಿದ್ದರು. ನನಗೆ ನೆನಪಿರುವಂತೆ ಮಾವ ಆಡಿದ ಅತಿ ಉದ್ದದ ಭಾಷಣ ಇದೇ.

ಆದ್ದರಿಂದ ಕೇಸು ಹಿಡಿಯುವ ಮೊದಲು ಕಕ್ಷಿದಾರನಿಗೆ ಊಟದ ಪರೀಕ್ಷೆ. ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ ತಾಟು ಇಟ್ಟು ಕೂರಿಸುವುದು. ಅತ್ತೆ ಬಡಿಸುತ್ತಾ ಏನಾದರೂ ಕೇಳಬೇಕು. ಮಾವ ಎದುರು ಕೂತು ಗಮನಿಸಬೇಕು. ಚಿಂಚೋಳಿಯ ಪೋಸ್ಟ್ ಮಾಸ್ತರರ ಪರೀಕ್ಷೆಗೆ ನಾನೇ ಸಾಕ್ಷಿ.

"ಪಲ್ಯ ಹ್ಯಾಂಗ ಆಗ್ಯಾದ್ರಿ?" ಎಂದರು ಅತ್ತೆ.

"ಛಲೋ ಆಗ್ಯಾದ್ರಿ ತಾಯಿ. ಖಾರ ಜರಾ ಮುಂದಾಗ್ಯಾದ ಅಷ್ಟ. ನಮ್ಮ ಮನ್ಯಾಗ ಖಾರ ನಡ್ಯಂಗಿಲ್ಲ, ನಮ್ಮವ್ವಗ ಹೊಟ್ಟಿ ಉರಿ. ಔಷಧಕ್ಕ ಭಾಳ ರೊಕ್ಕ ಹೋಗ್ತದ ನೋಡ್ರಿ, ಪಗಾರ ಎಲ್ಲಿ ಸಾಲ್ತದ..."

"ನಿಂದ್ರಿ!" ಎಂದರು ಮಾವ. "ಪಲ್ಯ ಕೇಳಿದ್ರ ರೊಕ್ಕದ ಅಡಚಣಿ ತನಕ ಬಂದ್ರಿ. ಸರ್ಕಾರಿ ವಕೀಲಗ ಇನ್ನೇನು ಬೇಕು? ಕೇಳಿದ್ದಷ್ಟ ಹೇಳ್ರಿ."

ಮುಂದಿನ ತಾರೀಖಿಗೆ ಬಂದಾಗ ಪೋಸ್ಟ್ ಮಾಸ್ತರರು ಪೂರ್ತಿ ಬದಲಾಗಿದ್ದರು. ಅತ್ತೆ ರೊಟ್ಟಿ ಹಾಕುತ್ತಲೇ ಹೋದರು, ಅವರು ತಿನ್ನುತ್ತಲೇ ಹೋದರು. ಬುಟ್ಟಿ ಖಾಲಿಯಾಯಿತು. ಸಾಕೇ ಎಂದು ಯಾರೂ ಕೇಳಿರಲಿಲ್ಲವಲ್ಲ! ಮಾವನಿಗೆ ಹಿಡಿಸಲಾರದಷ್ಟು ಸಂತೋಷ. ಅತ್ತೆಗೆ ಮತ್ತೆ ಹಿಟ್ಟು ನಾದುವ ಕೆಲಸ.

ಈ ಪಾಠ ಕೋರ್ಟಿಗೇ ಮುಗಿಯುತ್ತಿದ್ದರೆ ಚಿಂತೆಯಿರಲಿಲ್ಲ. ನನ್ನನ್ನು ನೋಡಲು ಮೊದಲ ಸಲ ಗಂಡಿನವರು ಬಂದಾಗ ಮಾವ ಬಾಗಿಲಲ್ಲೇ ನಿಂತು ಕಿವಿಯಲ್ಲಿ ಅದೇ ಮಂತ್ರ ಊದಿದ್ದರು. "ಅಡಗಿ ಬರ್ತದೇನವ್ವಾ?" ಎಂದರು ಗಂಡಿನ ತಾಯಿ. "ಬರ್ತದ" ಎಂದೆ. "ಹಾಡು?" "ಬರ್ತದ." ಅವರು ಕಾದರು. ನಾನೂ ಕಾದೆ. ಹಾಡು ಎಂದು ಯಾರು ಹೇಳಿದ್ದರು? ಕೊನೆಗೆ ಅವರು ಅವಲಕ್ಕಿ ತಿಂದು ಎದ್ದು ಹೋದರು. ಈಗ ನನ್ನ ಪಕ್ಕ ಕೂತು ಪೇಪರು ಓದುತ್ತಿರುವ ನನ್ನ ಗಂಡ ಆ ಮನೆಯವರಲ್ಲ ಎಂದು ಬೇರೆ ಹೇಳಬೇಕಿಲ್ಲ.

ಮಾವನಿಗೆ ಇನ್ನೊಂದು ವಿಚಿತ್ರ ನೇಮವಿತ್ತು. ನೀನು ಇದನ್ನು ಮಾಡಿದ್ದೀಯಾ ಎಂದು ಯಾವ ಕಕ್ಷಿದಾರನನ್ನೂ ಕೇಳುತ್ತಿರಲಿಲ್ಲ. ಅವನಾಗಿ ಹೇಳಲು ಬಂದರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಈ ನೇಮದ ಬಿಸಿ ನಮ್ಮ ಮನೆಗೇ ತಟ್ಟಿತು.

ನನ್ನ ಅಪ್ಪ ಸೇಡಂನಲ್ಲಿ ತೊಗರಿ ಮಾರಾಟದ ಸಂಘವೊಂದರ ಮ್ಯಾನೇಜರು. ಮಾವ ಎಷ್ಟು ಮೌನಿಯೋ ಅಪ್ಪ ಅಷ್ಟೇ ವಾಚಾಳಿ. ಇಂಥ ಇಬ್ಬರನ್ನು ಭಾವ ಮೈದುನರನ್ನಾಗಿ ಮಾಡಿದ ದೇವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಹೇಗೆ ಹೇಳುವುದು? ಸಂಘದ ತೊಗರಿ ಗಡಿಯಾಚೆ ತಾಂಡೂರಿನ ಒಬ್ಬ ವ್ಯಾಪಾರಿಗೆ ಹೋಗುತ್ತಿತ್ತು. ಒಂದು ವರ್ಷ ಆತ ಮಾಲು ಪಡೆದು, ಹಣ ಕೊಡದೆ ಪರಾರಿಯಾದ. ಮ್ಯಾನೇಜರೂ ಇದರಲ್ಲಿ ಶಾಮೀಲು, ಪಾಲು ತಗೊಂಡಿದ್ದಾನೆ ಎಂದು ಕೇಸಾಯಿತು. ಅಪ್ಪ ಅಮಾನತ್ತಾದರು. ಸಾಬೀತಾದರೆ ಜೈಲು.

ಮಾಲು ಒಂದು ರಾಜ್ಯದ್ದು, ಪರಾರಿಯಾದವನು ಇನ್ನೊಂದು ರಾಜ್ಯದವನು, ಆದ್ದರಿಂದ ಎರಡೂ ಕಡೆಯ ಪೊಲೀಸರು ಬಂದರು. ಅಲ್ಲಿಯವರು ತೆಲುಗಿನಲ್ಲಿ ಕೇಳಿದರು, ಇಲ್ಲಿಯವರು ಕನ್ನಡದಲ್ಲಿ ಕೇಳಿದರು, ಇಬ್ಬರೂ ತಮ್ಮತಮ್ಮಲ್ಲಿ ಉರ್ದುವಿನಲ್ಲಿ ಜಗಳಾಡಿದರು. ಅಪ್ಪ ಸಂಭ್ರಮದಿಂದ ಮೂರೂ ಭಾಷೆಗಳಲ್ಲಿ ಉತ್ತರಿಸಿದರು, ಕೇಳದಿದ್ದ ಪ್ರಶ್ನೆಗಳಿಗೂ! ಸುದ್ದಿ ತಿಳಿದ ಮಾವ ಮುಂದಿನ ಗಾಡಿಗೇ ಚಿತ್ತಾಪುರದಿಂದ ಬಂದಿಳಿದರು.

"ಭಾವಾ, ಇವತ್ತಿಂದ ಬಾಯಿ ಬಂದ್" ಎಂದರು.

"ತಮ್ಮಾ, ನಾ ಆ ವ್ಯಾಪಾರಿ ಮಾರಿ ಸುದ್ದಾ ನೋಡಿಲ್ಲ, ಮತ್ತ..."

"ಅದನ್ನ ನಾ ಕೇಳೀನೇನ್ರಿ?"

ಮಾವ ಕೆಲವು ವಾರ ನಮ್ಮಲ್ಲೇ ಉಳಿದರು. ಶಾಲೆಗೆ ಕಲಿಸಲು ಹೋಗಿ ಬರುತ್ತಿದ್ದ ನಾನು ದಿನಾ ಸಂಜೆ ಈ ತರಬೇತಿ ನೋಡುತ್ತಿದ್ದೆ. ಅಪ್ಪ ಮೊದಮೊದಲು ಒದ್ದಾಡಿದರು. ತುಟಿ ಅಲುಗುತ್ತಿತ್ತು, ಕೈ ಗಾಳಿಯಲ್ಲಿ ತಿರುಗುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಬರಬರುತ್ತಾ ನಿಜವಾಗಿಯೂ ಸುಮ್ಮನಾದರು. ಚಹಾ ಬೇಕೆ ಎಂದರೆ "ಹೂಂ". ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿತು. ಅವ್ವನಿಗೆ ತಡೆಯಲಾಗಲಿಲ್ಲ. "ತಮ್ಮಾ, ಜೈಲಿಂದ ತಪ್ಪಿಸು ಅಂದ್ರ ಮನ್ಯಾಗ ಮೂಕನ್ನ ಮಾಡಿ ಕುಂದ್ರಿಸೀದಿ" ಎಂದು ಮಾವನ ಮೇಲೆ ಹರಿಹಾಯ್ದಳು. ಮಾವ ಕನ್ನಡಕ ಒರೆಸಿಕೊಂಡರು.

ಒಂದು ಮಧ್ಯಾಹ್ನ ಅಪ್ಪ ಹಿತ್ತಲಿನ ಬೇವಿನ ಮರದ ಕೆಳಗೆ ನಿಂತು ನನಗೆ ಹೇಳಿದರು: "ಊರಮಂದಿ ಕಳ್ಳ ಅಂದ್ರೂ ತಡ್ಕೊಂತೀನವ್ವಾ. ನಿಮ್ಮ ಮಾಮಾ ಒಂದ ಸಲನೂ ಕೇಳವಲ್ಲ. ಅವನ ಮನಸಿನ್ಯಾಗೂ ಹಂಗ ಅದ ಏನೋ." ಮಾವನ ಮೇಲೆ ಆ ದಿನ ನನಗೆ ಬಂದಷ್ಟು ಸಿಟ್ಟು ಆ ವ್ಯಾಪಾರಿಯ ಮೇಲೂ ಬಂದಿರಲಿಲ್ಲ.

ಕೇಸು ಸೇಡಂ ಕೋರ್ಟಿನಲ್ಲಿ ನಡೆಯಿತು. ಪ್ರತಿ ತಾರೀಖಿಗೂ ಅಪ್ಪ ಹೊರಗಿನ ಬೆಂಚಿನ ಮೇಲೆ ಕಲ್ಲಿನಂತೆ ಕೂತಿರುತ್ತಿದ್ದರು. ಸಾಕ್ಷಿಗಳಲ್ಲಿ ಮೊದಲನೆಯವನು ಸಂಘದ ಹಮಾಲ. ಮ್ಯಾನೇಜರು ಎಂಥ ಮನುಷ್ಯ ಎಂದು ಸರ್ಕಾರಿ ವಕೀಲರು ಕೇಳಿದ್ದಕ್ಕೆ ಅವನು, "ಸಾಹೇಬ್ರು ಮಾತಿಗಿ ನಿಂತ್ರ ಬಂಡಿ ಎತ್ತು ಮಲಕೋತಾವ್ರಿ" ಎಂದ. ನ್ಯಾಯಾಧೀಶರು ನಗು ತಡೆದು ಅದನ್ನೂ ಬರೆಸಿಕೊಂಡರು.

ಮುಖ್ಯ ಸಾಕ್ಷಿ ತಾಂಡೂರಿನವನು, ಪರಾರಿಯಾದ ವ್ಯಾಪಾರಿಯ ತಮ್ಮ. ಮ್ಯಾನೇಜರು ನಮ್ಮ ಅಂಗಡಿಗೇ ಬಂದು ತನ್ನ ಪಾಲು ಎಣಿಸಿಕೊಂಡು ಹೋದರು ಎಂದು ಗಿಣಿಯಂತೆ ಒಪ್ಪಿಸಿದ. ಪಾಟೀಸವಾಲಿಗೆ ಮಾವ ಎದ್ದರು.

"ಇವರು ನಿಮ್ಮ ಅಂಗಡಿಗಿ ಬಂದಿದ್ರು?"

"ಬಂದಿದ್ರು."

ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಒಂದು ಗಾಜು ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿದರು. ಇಡೀ ಕೋರ್ಟು ಕಾಯುತ್ತಿತ್ತು. ಸಾಕ್ಷಿ ಕಾಲು ಬದಲಿಸಿದ, ಕೆಮ್ಮಿದ. ಅವನೂ ಇಸ್ತ್ರಿ ಅಂಗಿಯವನೇ ತಾನೆ!

"ಖರೇ ಬಂದಿದ್ರು ಸಾಬ್. ಅರ್ಧಾ ತಾಸು ಕುಂತಿದ್ರು. ಚಾ ಕುಡದ್ರು."

ಮಾವ ಗಾಜಿಗೆ ಉಸಿರು ಊದಿದರು.

"ಭಾಳ ಸಂಭಾವಿತ ಮನುಷ್ಯಾರು ಸಾಬ್. ಕುಂತಷ್ಟೊತ್ತೂ ಒಂದ ಮಾತ ಆಡಲಿಲ್ಲ!"

ಹಿಂದೆ ಹಮಾಲ ಗೊಳ್ಳೆಂದು ನಕ್ಕ. ಜನರೆಲ್ಲ ನಕ್ಕರು. ಸಾಕ್ಷಿ ಗಾಬರಿಯಾಗಿ ನ್ಯಾಯಾಧೀಶರ ಕಡೆ ತಿರುಗಿ, "ಅವರು ಹಂಗ ಇರ್ತಾರಲ್ಲ ಸಾಬ್? ಪ್ರತಿ ಪೇಶಿ ತಾರೀಖಿಗೂ ಬೆಂಚಿನ ಮ್ಯಾಲ ನೋಡೀನಲ್ಲ, ಅದಕ್ಕ ಅಂದೆ!" ಎಂದುಬಿಟ್ಟ. ಅಪ್ಪನನ್ನು ಅವನು ಕೋರ್ಟಿನ ಬೆಂಚಿನ ಮೇಲೆ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ! ಅಲ್ಲಿ ಕಂಡ ಮೂಕನನ್ನೇ ಎತ್ತಿಕೊಂಡು ಹೋಗಿ ತನ್ನ ಅಂಗಡಿಯಲ್ಲಿ ಕೂರಿಸಿದ್ದ. ಮಾವ ಕನ್ನಡಕ ಹಾಕಿಕೊಂಡು, "ಇಷ್ಟ ಸಾಕು" ಎಂದು ಕೂತರು.

ಇದು ಮೊದಲೇ ಹಾಕಿದ ಲೆಕ್ಕವೋ ಅದೃಷ್ಟವೋ ಎಂದು ಆಮೇಲೆ ಕೇಳಿದ್ದೆ. ಮಾವ ಎಂದಿನಂತೆ ಕನ್ನಡಕ ಹುಡುಕಿದರು.

ಅಪ್ಪ ನಿರ್ದೋಷಿ ಎಂದು ತೀರ್ಪು ಬಂದ ದಿನ ಮಾವ ನಮ್ಮ ಮನೆಗೂ ಬರದೆ ನೇರ ಸ್ಟೇಷನ್ನಿಗೆ ನಡೆದರು. ಬಿಡಲು ಅಪ್ಪ ಮತ್ತು ನಾನು ಹೋದೆವು. ತಾಂಡೂರು ಕಡೆಯಿಂದ ಗಾಡಿ ಬರುವುದಿತ್ತು. ಮೂವರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ಗೆದ್ದ ದಿನವೂ ಅಪ್ಪ ಮಾತಾಡುತ್ತಿಲ್ಲ! ನನಗೆ ಭಯವೇ ಆಯಿತು. ಗಾಡಿ ದೂರದಲ್ಲಿ ಕಾಣಿಸಿದಾಗ ಅಪ್ಪ ಮಾವನ ಕಡೆ ತಿರುಗಿದರು.

"ವಕೀಲ್ ಸಾಬ್, ಎರಡು ವರ್ಷ ಆತು. ನಾ ಆ ರೊಕ್ಕ ತಿಂದೀನೋ ಇಲ್ಲೋ ಅಂತ ಒಂದ ಸಲ ಕೇಳಲಿಲ್ಲ ನೀ."

ಮಾವ ಕನ್ನಡಕಕ್ಕೆ ಕೈ ಹಾಕಿದರು. ಆದರೆ ತೆಗೆಯಲಿಲ್ಲ.

"ಗೊತ್ತಿಲ್ಲದ್ದು ಕೇಳ್ತಾರ ಭಾವಾ. ನಮ್ಮಕ್ಕನ್ನ ನಿಮ್ಮ ಕೈಯಾಗ ಕೊಟ್ಟ ದಿನದಿಂದ ನೋಡಾಕತ್ತೀನಿ. ನಾ ಏನಂತ ಕೇಳ್ಲಿ?"

ಅಪ್ಪ ಧೋತರದ ಚುಂಗು ಮುಖಕ್ಕೆ ಒತ್ತಿಕೊಂಡು ಮಕ್ಕಳ ಹಾಗೆ ಅತ್ತರು. ನಾನೂ ಅತ್ತುಬಿಟ್ಟೆ. ಗಾಡಿ ಬಂದು ನಿಂತಿತು. ಮಾವ ಕರಿಕೋಟು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು, ಬೆಂಚಿಗೆ ಒರಗಿ ಕೂತರು.

"ಈಗ ಕೇಳಾಕತ್ತೀನಿ. ಹೇಳ್ರಿ, ಏನಾತು? ಮೊದಲಿಂದ ಹೇಳ್ರಿ."

ಅಪ್ಪ ಶುರು ಮಾಡಿದರು. ತೊಗರಿ ಬಿತ್ತಿದ ವರ್ಷದ ಮಳೆಯಿಂದ ಶುರು ಮಾಡಿದರು! ತುಟಿ, ಕೈ, ದನಿ ಮೂರೂ ಒಟ್ಟಿಗೆ ಮರಳಿ ಬಂದವು. ನಡುವೆ ಯಾವಾಗಲೋ ಗಾರ್ಡು ಸೀಟಿ ಊದಿದ. ಮಾವ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಅದು ಚಿತ್ತಾಪುರಕ್ಕೆ ಅವರನ್ನು ಬಿಟ್ಟೇ ಹೊರಟಿತು. ಅಪ್ಪ ಉಸಿರಿಗಾಗಿ ಒಂದು ಕ್ಷಣ ನಿಂತಾಗ, ಮಾತೆಂದರೆ ಆಗದ ನನ್ನ ಮಾವ ಅವರ ಕೈ ಮುಟ್ಟಿ ಕೇಳಿದರು:

"ಮುಂದ?"