ಗಂಡನನ್ನು ಹೊಗಳಿದ ಹೆಂಗಸು

ಗಂಡನನ್ನು ಹೊಗಳಿ ಹೆಂಡತಿ ಬರೆದ ಒಂದೇ ಒಂದು ಪುಟ ಬೇಕೆಂದು ದಾನಿ ಅಜ್ಜಿ ಬೆಳಿಗ್ಗೆ ಫೋನು ಮಾಡದಿದ್ದರೆ ಬೆರಳಚ್ಚಿನವನ ಪಾಡು ಹೀಗಾಗುತ್ತಿರಲಿಲ್ಲ.

ಆ ಅಜ್ಜಿ ಬಿಟ್ಟುಕೊಟ್ಟ ಹಳೇ ಮನೆಯಲ್ಲೇ ಪತ್ರಾಗಾರವಿತ್ತು. ಊರಿನ ಹೆಂಗಸರು ಹಿಂದೆ ಬರೆದಿಟ್ಟ ಕಾಗದ, ದಿನಚರಿಗಳನ್ನೆಲ್ಲ ಮೂರು ವರ್ಷ ಕೂತು ಅವನು ಕಂಪ್ಯೂಟರಿಗೆ ಏರಿಸಿದ್ದ. ಓದುತ್ತ ಕೂರಲು ಪುರುಸೊತ್ತಿರಲಿಲ್ಲ. ಕಣ್ಣು ನೋಡಿದ್ದನ್ನು ಬೆರಳು ಒತ್ತುತ್ತಿತ್ತು, ಅಷ್ಟೆ. ಅಂದು ಸಂಜೆ ನಾಲ್ಕಕ್ಕೆ ಉದ್ಘಾಟನೆ. ಜೊತೆಗೆ ಅಜ್ಜಿಯ ತಾತನ ಭಾವಚಿತ್ರದ ಅನಾವರಣ.

"ಪುಟ ಸಿಕ್ಕಿದರೆ ನಿನ್ನ ಕೆಲಸ ಖಾಯಂ," ಎಂದರು ಮೇಲ್ವಿಚಾರಕಿ. "ಸಿಗದಿದ್ದರೆ ನಾನೇನೂ ಹೇಳಲ್ಲಪ್ಪ. ನಾಳೆಯಿಂದ ಬರಬೇಡ, ಅಷ್ಟೆ."

ಅವನು ಹುಡುಕುವ ಪಟ್ಟಿಯಲ್ಲಿ 'ಇವರು' ಎಂದು ಒತ್ತಿದ. ಗಂಡನ ಹೆಸರು ಹೇಳದ ಕಾಲ. ಹನ್ನೊಂದು ಸಾವಿರ ಕಡೆ 'ಇವರು' ಎದ್ದು ಬಂದರು. 'ಇವರಿಗೆ ಜ್ವರ, ನನಗೆ ಸುಸ್ತು.' 'ಇವರು ಪದ್ಯ ಬರೆದಿದ್ದಾರೆ, ಕೇಳಲೇಬೇಕಂತೆ.' 'ಇವರು ಪರವೂರಿಗೆ ಹೋಗಿದ್ದಾರೆ, ಮನೆ ಎಷ್ಟು ದೊಡ್ಡದಾಗಿ ಕಾಣುತ್ತಿದೆ.'

ರಟ್ಟು ಕಟ್ಟುವ ಅಕ್ಕ ಅಂಟಿನ ಬಟ್ಟಲು ಹಿಡಿದುಕೊಂಡೇ ಬಂದು ಅವನ ಬೆನ್ನ ಹಿಂದೆ ನಿಂತಳು. "'ಒಳ್ಳೆಯವರು' ಅಂತ ಹಾಕಿ ನೋಡು ತಮ್ಮಾ."

ನಲವತ್ತು ಸಿಕ್ಕವು. ಮೂವತ್ತೊಂಬತ್ತು ಹೆಂಗಸರು ಹೊಗಳಿದ್ದು ಪಕ್ಕದ ಮನೆಯವಳ ಗಂಡನನ್ನು. ನಲವತ್ತನೆಯದು, ಇದೇ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ, ಹೆಸರಿಲ್ಲದ ದಿನಚರಿ.

'ಇವರು ಎಷ್ಟು ಒಳ್ಳೆಯವರು. ಇಡೀ ದಿನ ಒಂದು ಮಾತೂ ಬೈಯಲಿಲ್ಲ. ಊಟಕ್ಕೆ ಉಪ್ಪು ಹಾಕುವುದು ಮರೆತಿದ್ದೆ, ತಟ್ಟೆ ಎಸೆಯಲಿಲ್ಲ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ನನ್ನ ಮಾತನ್ನೇ ಕೇಳಿದರು.'

ಮೇಲ್ವಿಚಾರಕಿಯ ಕಣ್ಣು ಒದ್ದೆಯಾಯಿತು. "ಇನ್ನೊಂದು ಪುಟ ತೆಗಿ."

'ಇವತ್ತೂ ಅಲ್ಲೇ ಕೂತಿದ್ದಾರೆ. ನಾನು ಹಾಡಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಪೂರ್ತಿ ಕೇಳಿದರು.'

"ಹೀಗೂ ಗಂಡಸರು ಇದ್ದರಾ?" ಎಂದಳು ಅಕ್ಕ. ಮೇಲ್ವಿಚಾರಕಿ ಎರಡೂ ಹಾಳೆಗಳನ್ನು ಎದೆಗೊತ್ತಿಕೊಂಡು, "ಉಳಿದದ್ದನ್ನೂ ಅಚ್ಚು ಹಾಕಿ ತಾ," ಎಂದು ಸಭೆಯ ಕೋಣೆಗೆ ಓಡಿದರು.

ಅವನು ಮೂರನೆಯ ಪುಟ ತೆರೆದ.

'ಕಣ್ಣು ಮುಚ್ಚಿಸಲು ನೋಡಿದೆ, ರೆಪ್ಪೆ ಬಗ್ಗಲಿಲ್ಲ. ನನ್ನನ್ನೇ ನೋಡುತ್ತಿದ್ದಾರೆ. ನೋಡಲಿ. ಈಗ ಭಯವಿಲ್ಲ.'

ಅಚ್ಚುಯಂತ್ರ ಗೊರಗೊರ ಎಂದು ಹಾಳೆಯನ್ನು ಉಗುಳಿತು. ಇಬ್ಬರೂ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ಪುಟವೇ ಕೊನೆಯದು.

'ಮೇಸ್ತ್ರಿ ಬಂದಿದ್ದ. ಒಳಗೆ ಹಳೇ ಸಾಮಾನಿದೆ ಎಂದೆ. ಆ ಕೋಣೆಯ ಬಾಗಿಲಿಗೆ ಗೋಡೆ ಎಬ್ಬಿಸಿ ಹೋದ. ಇವರು ಹಡಗು ಹತ್ತಿ ಹೋದರೆಂದು ಎಲ್ಲರಿಗೂ ಹೇಳಿದೆ.'

ಅಕ್ಕ ಮೇಜಿನ ಮೇಲಿದ್ದ ಆಹ್ವಾನಪತ್ರ ಎತ್ತಿಕೊಂಡಳು. "ಸಮುದ್ರಯಾನಕ್ಕೆ ತೆರಳಿ ಮರಳದ ಮಹನೀಯರು," ಎಂದು ನಿಧಾನವಾಗಿ ಓದಿದಳು. "ತಮ್ಮಾ, ಇದು ಅಜ್ಜಿಯ ತಾತ."

ಆಮೇಲೆ ಏನು ಹೊಳೆಯಿತೋ, ಅಂಗಳಕ್ಕಿಳಿದು ಗೋಡೆಯತ್ತ ಬೆರಳು ಮಾಡುತ್ತ ಎಣಿಸಿ ಬಂದಳು. ಮುಖ ಅವಳ ಅಂಟಿಗಿಂತ ಬಿಳಿಚಿಕೊಂಡಿತ್ತು. "ಹೊರಗಿಂದ ನಾಲ್ಕು ಕಿಟಕಿ. ಒಳಗೆ ಎಷ್ಟಿವೆ?"

ಮೂರಿದ್ದವು. ನಾಲ್ಕನೆಯದು ಅವನ ಬೆನ್ನ ಹಿಂದಿನ ಗೋಡೆಯಾಚೆ ಇರಬೇಕಿತ್ತು. "ಗಾಜೆಲ್ಲ ಧೂಳು," ಎಂದಳು ಅಕ್ಕ. "ಒಳಗೆ ಕುರ್ಚಿಯ ಬೆನ್ನಿನ ಥರ ಏನೋ ಕಾಣುತ್ತೆ. ಕುರ್ಚಿ ಖಾಲಿ ಇಲ್ಲ." ಬೆರಳಚ್ಚಿನವ ಬೆಂಕಿ ತಗುಲಿದವನಂತೆ ಎದ್ದು, ಹಾಳೆಗಳನ್ನು ಬಾಚಿಕೊಂಡು ಸಭೆಗೆ ಓಡಿದ.

ಅಲ್ಲಿ ಮೇಲ್ವಿಚಾರಕಿ ಎರಡು ಪುಟ ಓದಿ ಮುಗಿಸಿದ್ದರು. ಚಪ್ಪಾಳೆ ಬೀಳುತ್ತಿತ್ತು. ಮುಂದಿನ ಸಾಲಿನ ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿ ನೋಡುತ್ತಿದ್ದರು.

"ಮುಂದೆ?" ಎಂದರು ದಾನಿ ಅಜ್ಜಿ.

"ಇಷ್ಟೇ ಅಜ್ಜಿ, ಇನ್ನಿಲ್ಲ," ಎಂದ ಬೆರಳಚ್ಚಿನವ ಬಾಗಿಲಲ್ಲೇ ಏದುಸಿರು ಬಿಡುತ್ತ.

"ಮತ್ತೆ ಕೈಯಲ್ಲಿರೋದು?" ಎಂದು ಮೇಲ್ವಿಚಾರಕಿ ಹಾಳೆ ಕಿತ್ತುಕೊಂಡು, ಕಣ್ಣಾಡಿಸದೆ ಗಟ್ಟಿಯಾಗಿ ಓದತೊಡಗಿದರು. 'ರೆಪ್ಪೆ' ಎಂಬಲ್ಲಿಗೆ ಬರುವಷ್ಟರಲ್ಲಿ ದನಿ ಬ್ಯಾಟರಿ ಇಳಿದ ರೇಡಿಯೋದ ಹಾಗಾಯಿತು. ಮುಂದೆ ಬಾಯಿ ಆಡಿತು, ಶಬ್ದ ಬರಲಿಲ್ಲ.

ಅಜ್ಜಿ ಎದ್ದು ಬಂದು ಹಾಳೆಗಳನ್ನು ತೆಗೆದುಕೊಂಡರು. ಕನ್ನಡಕ ಏರಿಸಿ ಕೊನೆಯವರೆಗೆ ಮನಸ್ಸಿನಲ್ಲೇ ಓದಿದರು. ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡರು. "ನಮ್ಮ ತಾತ ಕೊನೆಕೊನೆಗೆ ತುಂಬಾ ಒಳ್ಳೆಯವರಾಗಿದ್ದರು," ಎಂದು ಸಭೆಗೆ ಹೇಳಿ ಭಾವಚಿತ್ರದ ಪರದೆ ಎಳೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಜನ ಕರಗಿದ ಮೇಲೆ ಅಜ್ಜಿ ಬೆರಳಚ್ಚಿನವನನ್ನು ಮೂಲೆಗೆ ಕರೆದರು.

"ನನಗೆ ಗೊತ್ತಿರಲಿಲ್ಲ ಅಜ್ಜಿ," ಎಂದ ಅವನು.

"ನನಗೆ ಗೊತ್ತಿತ್ತು. ನಮ್ಮಜ್ಜಿ ನನಗೆ ಹೇಳಿದ್ದರು, ನಾನು ಮಗಳಿಗೆ ಹೇಳಿದೆ, ಅವಳು ತನ್ನ ಮಗಳಿಗೆ. ಬರೆದಿಟ್ಟಿದ್ದಾರೆ ಅನ್ನೋದು ಮಾತ್ರ ಗೊತ್ತಿರಲಿಲ್ಲ." ಅವನ ಭುಜ ತಟ್ಟಿದರು. "ನಮ್ಮ ಮನೆ ಮಾನ ಉಳಿಸೋಕೆ ಅಷ್ಟು ಜನರ ಮುಂದೆ ಸುಳ್ಳು ಹೇಳಿದೆಯಲ್ಲ. ನಿನ್ನ ಕೆಲಸ ಖಾಯಂ ಅಂದುಕೋ."

ಬೆರಳಚ್ಚಿನವನಿಗೆ ಹೋದ ಜೀವ ಬಂದಂತಾಯಿತು. ಗೋಡೆ, ಕಿಟಕಿ ಎಲ್ಲ ಮರೆತು ನಕ್ಕ.

"ಮದುವೆ ಆಗಿದೆಯಾ?" ಎಂದರು ಅಜ್ಜಿ.

ಅವನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮೇಲ್ವಿಚಾರಕಿ, "ಇಲ್ಲ ಅಜ್ಜಿ. ಹಿಂದೆ ಮುಂದೆ ಯಾರೂ ಇಲ್ಲ, ಪಾಪ. ಒಂದು ವಾರ ಕಾಣದಿದ್ದರೂ ಕೇಳೋರಿಲ್ಲ," ಎಂದರು.

ಅಜ್ಜಿ ತಮ್ಮ ಮೊಮ್ಮಗಳನ್ನು ಕೈಬೀಸಿ ಕರೆದರು. ಹುಡುಗಿ ಲಕ್ಷಣವಾಗಿದ್ದಳು. ಬಂದು, ಅವನನ್ನು ನೆತ್ತಿಯಿಂದ ಪಾದದವರೆಗೆ ನಿಧಾನವಾಗಿ ನೋಡಿದಳು. ಅವನು ಏನಾದರೂ ಹೇಳಬೇಕೆಂದು ಹೆಣಗಿದ.

"ಈಗಲೇ ಇಷ್ಟು ಸುಮ್ಮನಿದ್ದಾರೆ," ಎಂದಳು ಅವಳು ಅಜ್ಜಿಗೆ, ಮೆಚ್ಚಿಕೊಂಡು. "ಜಾಸ್ತಿ ಕೆಲಸ ಇರಲ್ಲ ಬಿಡಿ."