ಸ್ಟೋರ್ ಕೀಪರ್ ಕೂಡಿಟ್ಟ ವಜ್ರಗಳು

ದಟ್ಟಗಳ್ಳಿಯಿಂದ ಕಡಕೊಳಕ್ಕೆ ಹೋಗುವ ನಮ್ಮ ಫ್ಯಾಕ್ಟರಿ ಬಸ್ಸಿನಿಂದ ನಾನು ಹೊಟ್ಟೆ ಉರಿಸಿಕೊಳ್ಳದೆ ಇಳಿದ ದಿನವೇ ಇಲ್ಲ. ಬಸ್ಸಿನವರೆಲ್ಲ ಮೊಬೈಲಿನಲ್ಲಿ ಕೋಟೆ ಕಟ್ಟುವ ಒಂದೇ ಆಟ ಆಡುತ್ತೇವೆ. ಆಟ ಪುಕ್ಕಟೆ. ಆದರೆ ಕೆಲಸ ಬೇಗ ಆಗಬೇಕಾದರೆ ವಜ್ರ ಸುರಿಯಬೇಕು. ಆಡಿ ಗಳಿಸಿದರೆ ದಿನಕ್ಕೆ ಒಂದೆರಡು ವಜ್ರ, ಇಲ್ಲವಾದರೆ ದುಡ್ಡು ಕೊಟ್ಟು ಕೊಳ್ಳಬೇಕು. ಬಸ್ಸಿನಲ್ಲಿ ನನ್ನ ಕೋಟೆಯೇ ಮೊದಲಿರಬೇಕು ಎಂಬುದು ನನ್ನಾಸೆ. ಮೊದಲಿರುವುದು ಪಕ್ಕದ ಸೀಟಿನ ಸ್ಟೋರ್ ಕೀಪರರದು.

೧. ಇಂಡೆಂಟ್

ಸ್ಟೋರಿನಲ್ಲಿ ಒಂದು ವಾಷರ್ ಬೇಕೆಂದರೂ ಇಂಡೆಂಟಿಗೆ, ಅಂದರೆ ಬೇಡಿಕೆ ಚೀಟಿಗೆ, ಸಹಿ ಹಾಕಿಸಿಕೊಳ್ಳುವ ಮನುಷ್ಯ ಅವರು. ಒಮ್ಮೆ ಅವರ ಮೊಬೈಲ್ ಇಣುಕಿದೆ. ಸಾವಿರದ ಇನ್ನೂರು ವಜ್ರ. ನನ್ನ ಹತ್ತಿರ ನಲವತ್ತು. ಗೋಡೆ ಏಳಲು ಎರಡು ದಿನ ಕಾಯುವ ಬದಲು ಹತ್ತು ವಜ್ರ ಹಾಕಬಾರದೇ ಎಂದೆ.

"ಅರ್ಜೆಂಟು ಅಂತ ಗೋಡೆ ಇಂಡೆಂಟ್ ಕೊಟ್ಟೈತೇನ್ರೀ?" ಎಂದರು.

೨. ಚಿನ್ನದ ಬಾಗಿಲು

ಅವರ ವಜ್ರ ಕರಗಿಸದೆ ನನಗೆ ಊಟ ಸೇರದಾಯಿತು. ಕೋಟೆಗೆ ಚಿನ್ನದ ಬಾಗಿಲು ಬಂದಿದೆ, ಇವತ್ತೇ ಕೊನೆಯ ದಿನ ಎಂದು ಆಸೆ ಹುಟ್ಟಿಸಿದೆ. ಆ ಬಾಗಿಲು ಬರೀ ಅಂದಕ್ಕೆ, ಶತ್ರುವನ್ನು ತಡೆಯುವುದಿಲ್ಲ. ಅವರು ಕನ್ನಡಕ ಏರಿಸಿ ಆಟದ ಅಂಗಡಿಯ ಪಟ್ಟಿಯನ್ನೆಲ್ಲ ಓದಿ, ಬಾಗಿಲು ಬಿಟ್ಟು, ಕೊನೆಯವರೆಗೂ ಕೆಲಸ ಮಾಡುವ ಇನ್ನೊಬ್ಬ ಮೇಸ್ತ್ರಿಯನ್ನು ಕೊಂಡರು. ಕೋಟೆ ಎರಡರಷ್ಟು ವೇಗದಲ್ಲಿ ಬೆಳೆಯತೊಡಗಿತು. ಒಳ್ಳೆಯದನ್ನು ತೋರಿಸಿದಿರಿ ಎಂದು ನನಗೆ ಟೀ ಕೊಡಿಸಿದರು.

ನಲವತ್ತು ವಜ್ರದ ಬಾಗಿಲನ್ನು, ಅವರಿಗೆ ನಂಬಿಕೆ ಬರಲೆಂದು, ನಾನು ಆಗಲೇ ಕೊಂಡಾಗಿತ್ತು.

೩. ಮನೆಯ ಬಾಗಿಲು

ಮನೆಯಲ್ಲಿ ಇದನ್ನು ಹೇಳಿಕೊಂಡೆ. ನಮ್ಮ ಬಚ್ಚಲಮನೆಯ ಬಾಗಿಲಿಗೆ ಆರು ತಿಂಗಳಿಂದ ಚಿಲಕವಿಲ್ಲ ಎಂದು ಹೆಂಡತಿ ನೆನಪಿಸಿದಳು. ರಿಪೇರಿಗೆಂದು ಎಂಟುನೂರು ರೂಪಾಯಿಯನ್ನೂ ಕೈಗಿಟ್ಟಳು.

ಈಗಲೂ ನಮ್ಮಲ್ಲಿ ಸ್ನಾನಕ್ಕೆ ಹೋದವರು ಹಾಡುತ್ತಲೇ ಇರಬೇಕು.

೪. ದಾಳಿ

ಆ ಎಂಟುನೂರಕ್ಕೆ ವಜ್ರ ಕೊಂಡೆ. ಭಾನುವಾರ ಆಟದಲ್ಲಿ ಹೆಸರು ಬದಲಿಸಿಕೊಂಡು, ವಜ್ರವೆಲ್ಲ ಸುರಿದು ಸೈನ್ಯ ಎಬ್ಬಿಸಿ, ಸ್ಟೋರ್ ಕೀಪರರ ಕೋಟೆಯನ್ನು ನೆಲಸಮ ಮಾಡಿದೆ. ಎಷ್ಟೋ ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಸೋಮವಾರ ಅವರ ಸಪ್ಪೆ ಮುಖ ನೋಡಬೇಕೆಂದು ಬೇಗ ಬಸ್ ಹತ್ತಿದೆ. ಅವರು ನಗುತ್ತ ಮೈಸೂರು ಪಾಕಿನ ಡಬ್ಬಿ ಮುಂದೆ ಹಿಡಿದರು. ನಾಳೆಯಿಂದ ಮೂರು ದಿನ ತಂಗಿ ಮಗಳ ಮದುವೆಯಂತೆ. ಅಷ್ಟು ದಿನ ಕೋಟೆಗೆ ಕಾವಲು ಹಾಕಲು ಇನ್ನೂರು ವಜ್ರ ಹೋಗುತ್ತದಲ್ಲ ಎಂದು ಕೊರಗುತ್ತಿದ್ದರಂತೆ. ಸೋತ ಕೋಟೆಗಾದರೆ ಆ ಕಾವಲನ್ನು ಆಟವೇ ಪುಕ್ಕಟೆ ಕೊಡುತ್ತದೆ.

"ಯಾರೋ ಪುಣ್ಯಾತ್ಮ ಬಂದು ಹೊಡೆದು ವಜ್ರ ಉಳಿಸ್ಬುಟ್ಟ ಕಣ್ರೀ" ಎಂದರು.

ಯಾರಂತೆ ಎಂದು, ಬಾಯಲ್ಲಿದ್ದುದನ್ನು ನುಂಗಿ, ಕೇಳಿದೆ.

"ಹೆಸರು ಹೊಸದು. ಹೋಗಿ ಅವನ ಕೋಟೆ ನೋಡ್ದೆ, ಚಿನ್ನದ ಬಾಗಿಲು ಹಾಕ್ಸವ್ನೆ. ತಗೊಳ್ಳಿ, ನೀವು ಇನ್ನೊಂದು ತಗೊಳ್ಳಿ."