ರಬ್ಬರ್ ನಾಗರ ಮತ್ತು ನನ್ನ ಮನಃಶಾಸ್ತ್ರ

ಕೋತಿ ಓಡಿಸುವುದು ಮನಃಶಾಸ್ತ್ರದ ಮೇಷ್ಟ್ರಿಗೆ ಒಂದು ಕೆಲಸವೇ? ಹಾಗೆಂದುಕೊಂಡೇ ನಾನು ಈ ಕಾರ್ಯಕ್ಕೆ ಕೈಹಾಕಿದ್ದು. ಮನುಷ್ಯ ಯಾಕೆ ನಗುತ್ತಾನೆ, ಯಾಕೆ ಅಳುತ್ತಾನೆ, ಪರೀಕ್ಷೆಯ ದಿನವೇ ಅವನಿಗೆ ಯಾಕೆ ಹೊಟ್ಟೆನೋವು ಬರುತ್ತದೆ ಎಂಬುದನ್ನೆಲ್ಲ ತಿಪಟೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಇನ್ನು ಕೋತಿ ಯಾವ ಲೆಕ್ಕ!

ವಿಷಯ ಇಷ್ಟೇ. ಬಿಳಿಗೆರೆಯ ನಮ್ಮ ಮನೆಯ ಹಿತ್ತಿಲಲ್ಲಿ ನನ್ನ ಹೆಂಡತಿ ಗಿರಿಜ ಕೈಯಾರೆ ನೆಟ್ಟು ಬೆಳೆಸಿದ ಗಿಡ್ಡ ತಳಿಯ ನಾಲ್ಕು ತೆಂಗಿನ ಮರಗಳಿವೆ. ಎಳನೀರು ಅಂದರೆ ಸಕ್ಕರೆ! ದಬ್ಬೇಘಟ್ಟದಲ್ಲಿ ಅವಳ ತಮ್ಮನ ಮಗಳ ಮದುವೆ ಗೊತ್ತಾದಾಗ, "ಚಪ್ಪರದ ದಿನ ಬಂದೋರಿಗೆಲ್ಲ ನನ್ ಮರದ ಎಳನೀರೇ ಕೊಡ್ಬೇಕು" ಎಂದು ತೌರಿನಲ್ಲಿ ಎಲ್ಲರೆದುರು ಮಾತು ಕೊಟ್ಟು ಬಂದಿದ್ದಳು. ಆ ಮಾತು ಕೋತಿಗಳ ಕಿವಿಗೂ ಬಿತ್ತೋ ಏನೋ, ಮದುವೆ ಹತ್ತಿರವಾಗುತ್ತಿದ್ದಂತೆ ದಂಡು ಕಟ್ಟಿಕೊಂಡು ಬಂದವು. ಒಂದು ಎಳನೀರಿಗೆ ತೂತು ಮಾಡುವುದು, ಎರಡು ಗುಟುಕು ಹೀರುವುದು, ಬಿಸಾಡಿ ಮುಂದಿನದಕ್ಕೆ ಕೈಹಾಕುವುದು!

"ರೀ, ಪಟಾಕಿ ತಂದು ಹೊಡೀರಿ. ಇಲ್ದಿದ್ರೆ ತೌರಲ್ಲಿ ನನ್ ಮಾನ ಉಳಿಯಲ್ಲ," ಎಂದಳು ಗಿರಿಜ.

"ಪಟಾಕಿಯಾ? ಅದು ಓದದೋರ ದಾರಿ ಕಣೇ," ಎಂದು ನಾನು ಕುರ್ಚಿಯಿಂದ ಎದ್ದು ನಿಂತೆ. ಎದ್ದು ನಿಂತರೆ ಪಾಠ ಶುರುವಾಯಿತೆಂದೇ ಅರ್ಥ. "ಯಾವ ಪ್ರಾಣಿಯ ನಡವಳಿಕೆಯಾದ್ರೂ ಸರಿ, ಅದರ ಬೇರು ಒಡಲಲ್ಲೇ ಇದೆ. ಮಿದುಳಲ್ಲಿದೆ, ನರದಲ್ಲಿದೆ, ರಕ್ತದಲ್ಲಿ ಹರಿಯೋ ಹಾರ್ಮೋನಿನಲ್ಲಿದೆ, ತಾತ ಮುತ್ತಾತಂದಿರಿಂದ ಬಂದ ವಂಶವಾಹಿಯಲ್ಲಿದೆ. ಹಾವಿಗೆ ಹೆದರಿದ ಕೋತಿ ಬದುಕ್ತು, ಹೆದರದ ಕೋತಿ ಸತ್ತೋಯ್ತು. ಅಂದ್ಮೇಲೆ ಈಗಿರೋವೆಲ್ಲ ಹೆದರಿದ ಕೋತಿಗಳ ಮೊಮ್ಮಕ್ಕಳು! ಹಾವು ಕಂಡ್ರೆ ಸಾಕು, ತಲೆ ಯೋಚನೆ ಮಾಡೋಕೆ ಮುಂಚೆ ಕಾಲು ಓಡಿರ್ತವೆ!"

ಗಿರಿಜ ಸೆರಗಿಗೆ ಕೈ ಒರೆಸಿಕೊಂಡಳು.

"ಅದೆಲ್ಲ ಸರಿ. ಪಟಾಕಿ ಯಾವಾಗ ತರ್ತೀರಿ?"

ಪಟಾಕಿ ತರಲಿಲ್ಲ. ಆಟದ ಸಾಮಾನಿನ ಅಂಗಡಿಯಿಂದ ರಬ್ಬರ್ ನಾಗರಹಾವು ತಂದೆ, ಮರಕ್ಕೊಂದರಂತೆ. ಬಿಚ್ಚಿದ ಹೆಡೆ, ಚಾಚಿದ ಕೆಂಪು ನಾಲಿಗೆ! ಕಾಯಿ ಕೀಳುವ ಉದ್ದನೆಯ ದೋಟಿಯ ತುದಿಗೆ ಸಿಕ್ಕಿಸಿ, ಕತ್ತು ನೋಯುವವರೆಗೂ ಮೇಲೆ ನೋಡಿ, ಗೊನೆಗಳ ನಡುವೆ ಒಂದೊಂದನ್ನೇ ಪ್ರತಿಷ್ಠಾಪಿಸಿದೆ.

ಮಾರನೆಯ ಬೆಳಿಗ್ಗೆ ದಂಡು ಬಂತು. ಅದರ ಯಜಮಾನ, ಬಾಲ ಅರ್ಧ ತುಂಡಾದ ಮುದಿ ಗಡವ, ಮೊದಲ ಮರ ಹತ್ತಿತು. ಗೊನೆಗೆ ಕೈ ಚಾಚಿತು. ಹಾವು ಕಂಡಿತು. ಕಿರ್ರೆಂದು ಕಿರುಚಿ ಒಂದೇ ನೆಗೆತಕ್ಕೆ ಪಕ್ಕದ ಹುಣಸೆ ಮರ ಸೇರಿತು! ಹಿಂದೆಯೇ ಇಡೀ ಸಂಸಾರ! ನಾನು ಹಿತ್ತಿಲಲ್ಲೇ ಕುಣಿದುಬಿಟ್ಟೆ. ಬಾಮೈದನಿಗೆ ಫೋನ್ ಮಾಡಿ, "ಎಳನೀರಿನ ಚಿಂತೆ ಬಿಡಪ್ಪ, ವಿಜ್ಞಾನವೇ ಕಾವಲಿಗಿದೆ!" ಎಂದೆ. ಕಾಲೇಜಿನಲ್ಲಿ ಅಂದಿನ ಪಾಠ ಬದಿಗಿಟ್ಟು ಇದನ್ನೇ ಬಣ್ಣಿಸಿದೆ. ಗಿರಿಜ ನಾನು ಕೇಳದೆಯೇ ಮುದ್ದೆಗೆ ತುಪ್ಪ ಹಾಕಿದಳು.

ಆ ಸಂಭ್ರಮದಲ್ಲಿ ಒಂದು ಸಣ್ಣ ಸಂಗತಿ ಮರೆತೆ. ಎಳನೀರು ಕೀಳಲು ಬರಬೇಕಿದ್ದ ರಂಗಣ್ಣನಿಗೆ ಹಾವಿನ ವಿಷಯ ಹೇಳಿರಲಿಲ್ಲ!

ಚಪ್ಪರದ ಹಿಂದಿನ ದಿನ ರಂಗಣ್ಣ ಬಂದ. ಮೇಲಿನಿಂದ ಬಿಟ್ಟರೆ ಎಳನೀರು ಒಡೆದುಹೋಗುತ್ತದೆ, ಗೊನೆಗೆ ಹಗ್ಗ ಕಟ್ಟಿ ನಿಧಾನವಾಗಿ ಇಳಿಸಬೇಕು. ಅವನು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಮರ ಹತ್ತಿದ. ಹತ್ತಿದ್ದನ್ನು ನಾನು ನೋಡಿದೆ. ಇಳಿದದ್ದನ್ನು ನೋಡಲಾಗಲಿಲ್ಲ, ಅಷ್ಟು ಬೇಗ! "ಅಯ್ಯಯ್ಯಪ್ಪೋ!" ಎಂಬ ಕೂಗು ಮೇಲಿನ್ನೂ ಕೇಳುತ್ತಿರುವಾಗಲೇ ರಂಗಣ್ಣ ಕೆಳಗೆ ಕೂತು ತರಚಿದ ಎದೆ ಸವರಿಕೊಳ್ಳುತ್ತಿದ್ದ.

ಕೋತಿಗೂ ಮನುಷ್ಯನಿಗೂ ಒಂದೇ ಹೆದರಿಕೆ! ನನಗೆ ರೋಮಾಂಚನ! ನೀರು ಕೊಡುವುದನ್ನೂ ಮರೆತು ಕೇಳಿದೆ: "ರಂಗಣ್ಣ, ಎದೆ ಡವಡವ ಅಂತಾ? ಬಾಯಿ ಒಣಗ್ತಾ? ಅಂಗೈ ಬೆವರ್ತಾ?"

"ಪಂಚೆನೂ ಬಿಚ್ಕೊಂಡೋಯ್ತು ಮೇಷ್ಟ್ರೇ, ಅದನ್ನೂ ಮಕ್ಳಿಗೆ ಪಾಠ ಮಾಡ್ಬುಡಿ!"

"ಅದು ರಬ್ಬರ್ ಕಣಪ್ಪ!"

"ಏನಾರ ಆಗ್ಲಿ. ಮೊದ್ಲು ಅವನ್ನೆಲ್ಲ ಕೆಳಗಿಳ್ಸಿ. ಆಮೇಲೆ ಹೇಳ್ಕಳಿಸಿ, ಬತ್ತೀನಿ," ಎಂದು ರಂಗಣ್ಣ ಎದೆಗೆ ಎಣ್ಣೆ ಹಚ್ಚಿಕೊಳ್ಳಲು ಮನೆಗೆ ಹೋದ.

ನಾನು ಒಳಗಿಂದ ದೋಟಿ ತರುವಷ್ಟರಲ್ಲಿ ದಂಡು ಮತ್ತೆ ಬಂದಿತ್ತು. ಅರ್ಧ ಬಾಲದ ಯಜಮಾನ ಹಾವಿನ ಹೆಡೆ ಮೂಸಿತು. ಒಮ್ಮೆ ಕಚ್ಚಿತು. ರುಚಿಯಿಲ್ಲವೆಂದು ತೀರ್ಮಾನಿಸಿ, ಟವೆಲಿನಂತೆ ಹೆಗಲ ಮೇಲೆ ಹಾಕಿಕೊಂಡು ಎಳನೀರು ಕುಡಿಯತೊಡಗಿತು! ಅದನ್ನು ನೋಡಿ ಉಳಿದವೂ ಮರ ಏರಿದವು. ಹುಟ್ಟಿನಿಂದ ಬಂದ ಹೆದರಿಕೆಯನ್ನು ಬಿಡುವುದನ್ನೂ ಮಿದುಳು ಕಲಿಯುತ್ತದೆ. ಇದು ಪಠ್ಯದ ಮುಂದಿನ ಅಧ್ಯಾಯದಲ್ಲಿದೆ. ಸಮಯವಿಲ್ಲವೆಂದು ಪ್ರತಿ ವರ್ಷ ನಾನು ಬಿಟ್ಟುಬಿಡುವುದು ಅದೇ ಅಧ್ಯಾಯ!

"ಹೋಯ್! ಹೋಯ್!" ಎಂದು ದೋಟಿಯಿಂದ ತಿವಿದೆ. ಯಜಮಾನನಿಗೆ ಸಿಟ್ಟು ಬಂತು. ಹೆಗಲ ಮೇಲಿದ್ದುದನ್ನು ತೆಗೆದು ಬೀಸಿ ಎಸೆಯಿತು. ಅದು ನೆಟ್ಟಗೆ ಬಂದು ನನ್ನ ಕತ್ತಿಗೆ ಸುತ್ತಿಕೊಂಡಿತು.

ಅದು ರಬ್ಬರ್. ಕೊಂಡು ತಂದವನು ನಾನು. ಮೈ ಒರೆಸಿ ಮರಕ್ಕೇರಿಸಿದವನೂ ನಾನು. ಆದರೂ "ಅಮ್ಮಾ!" ಎಂದು ಕಿರುಚಿ, ದೋಟಿ ಬಿಸಾಕಿ, ಕಣ್ಣು ಮುಚ್ಚಿ ಓಡಿದೆ. ಕಣ್ಣು ಬಿಟ್ಟಾಗ ದನಗಳು ನೀರು ಕುಡಿಯುವ ತೊಟ್ಟಿಯಲ್ಲಿದ್ದೆ. ಎದುರಿಗೆ, ಎಳನೀರು ತುಂಬಿಕೊಂಡು ಹೋಗಲು ಗೂಡ್ಸ್ ಆಟೋ ತಂದ ಬಾಮೈದ!

"ಭಾವ, ಎಳನೀರು ಎಲ್ಲಿ?"

ನಾನು ಮೇಲೆ ಕೈ ತೋರಿಸಿದೆ. ಖಾಲಿ ಬುರುಡೆಯೊಂದು ಬಂದು ಆಟೋದೊಳಗೇ ಬಿತ್ತು.

ಗಿರಿಜ ಓಡಿ ಬಂದಳು. "ರಬ್ಬರ್ ಅಂತ ಗೊತ್ತಿತ್ತಲ್ರೀ?"

"ತಲೆಗೆ ಗೊತ್ತಿತ್ತು ಕಣೇ. ಕಾಲಿಗೆ ಗೊತ್ತಿರ್ಲಿಲ್ಲ."

ಅವಳು ನಗಲಿಲ್ಲ. ಬರಿದಾದ ಗೊನೆಗಳನ್ನು ನೋಡುತ್ತ ನಿಂತಳು, ಕಣ್ಣು ತುಂಬಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು. ತೊಟ್ಟಿಯಿಂದ ಏಳುವುದೇ ಬೇಡ ಅನ್ನಿಸಿತು.

ಕೊನೆಗೆ ಬಾಮೈದನೂ ನಾನೂ ಆಟೋ ಹತ್ತಿ ಹೋಗಿ ತುರುವೇಕೆರೆಯ ರಸ್ತೆ ಬದಿಯಲ್ಲಿ ಎಳನೀರು ಕೊಂಡೆವು. ತೆಂಗಿನ ಸೀಮೆಯವನು ಎಳನೀರು ಕೊಳ್ಳುವುದೆಂದರೇನು! "ಯಾವೂರು ಸಾರ್ ನಿಮ್ದು?" ಎಂದು ವ್ಯಾಪಾರಿ ಕೇಳಿದ. "ಬೆಂಗಳೂರು," ಎಂದೆ.

ಚಪ್ಪರದ ದಿನ ದಬ್ಬೇಘಟ್ಟದಲ್ಲಿ ಎಳನೀರು ಹಂಚುವಾಗ ಗಿರಿಜ ತಲೆ ಎತ್ತಲಿಲ್ಲ. ಕೊಂಡು ತಂದದ್ದೆಂಬ ಗುಸುಗುಸು ಆಗಲೇ ಹಬ್ಬಿತ್ತು. ಅಷ್ಟರಲ್ಲಿ ಅವಳ ದೊಡ್ಡಪ್ಪ ನನ್ನ ಪಕ್ಕದ ಕುರ್ಚಿಗೆ ಬಂದು, ಎಲ್ಲರಿಗೂ ಕೇಳುವಂತೆ ಶುರು ಮಾಡಿದರು.

"ಏನ್ ಮೇಷ್ಟ್ರೇ, ಕೋತಿ ಬುದ್ಧಿನೂ ಮನುಷ್ಯನ ಬುದ್ಧಿನೂ ಒಂದೇ ಅಂತ ಕಾಲೇಜಲ್ಲಿ ಪಾಠ ಮಾಡ್ತೀರಂತೆ?"

ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಬಾಯಿ ತೆರೆಯುವಷ್ಟರಲ್ಲಿ ಗಿರಿಜಳೇ ತಲೆ ಎತ್ತಿದಳು.

"ಎಲ್ಲಿ ಒಂದೇ ಆಯ್ತು ಬುಡಿ ದೊಡ್ಡಪ್ಪ! ಅದು ರಬ್ಬರ್ ಅಂತ ಕೋತಿಗೆ ಗೊತ್ತಾಯ್ತಲ್ಲ!"

ಬಾಮೈದ ಉಳಿದ ಕತೆಯನ್ನು ತೊಟ್ಟಿಯ ಸಮೇತ ಹೇಳಿದ. ಇಡೀ ಚಪ್ಪರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಿರಿಜಳೂ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಯಾರ ಮರದ ಎಳನೀರು ಎಂದು ಆಮೇಲೆ ಒಬ್ಬರೂ ಕೇಳಲಿಲ್ಲ. ತೌರಿನಲ್ಲಿ ಅವಳ ಮಾನ ಉಳಿಯಿತು. ಖರ್ಚಾದದ್ದು ನನ್ನದು!